ಉಪ್ಪು ತಿಂದ ರೀಲು

ನನ್ನ ಮೊದಲ ಫ್ಲೈ ರೀಲು (ಹುಸಿ ಹುಳುವಿನ ಗಾಳ ಎಸೆಯುವ ಕೋಲಿಗೆ ದಾರ ಸುತ್ತಿಡುವ ಚಕ್ರ) ಪ್ರಾಣ ಬಿಟ್ಟದ್ದು ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳ ಐಲಮೊರಾಡದಲ್ಲಿ, ಮೊಣಕಾಲು ಮುಳುಗದಷ್ಟು ನೀರಿನಲ್ಲಿ. ಬೋನ್‌ಫಿಶ್ ಕಚ್ಚಿತು. ಮೊದಲ ಓಟದಲ್ಲೇ ನೂರು ಗಜ ದಾರ ಎಳೆದುಕೊಂಡು ಹೋಗುವುದು ಈ ಮೀನಿಗೆ ಮಾಮೂಲು. ನನ್ನ ರೀಲು ನಾಲ್ಕು ಸುತ್ತು ತಿರುಗಿ ಗಕ್ಕನೆ ನಿಂತಿತು. ಹನ್ನೆರಡು ಪೌಂಡು ತಾಳುವ ಟಿಪ್ಪೆಟ್, ಅಂದರೆ ಗಾಳದ ಬಳಿಯ ತೆಳು ತುದಿದಾರ, ‘ಟಪ್’ ಎಂದಿತು, ಅಷ್ಟೇ.

ರಾತ್ರಿ ಮೋಟೆಲಿನಲ್ಲಿ ಬಿಚ್ಚಿ ನೋಡಿದೆ. ಹಳೆಯ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವಂಥ ಬಿಳಿ ಹಕ್ಕಳೆ, ದಾರದ ಓಟಕ್ಕೆ ಬ್ರೇಕು ಹಾಕುವ ಡ್ರ್ಯಾಗ್‌ನ ಸುತ್ತ ಕೂತಿತ್ತು. ಸ್ಟೀಲ್ ಸ್ಕ್ರೂಗಳ ಬುಡದಲ್ಲಿ ಅಲ್ಯೂಮಿನಿಯಂ ಪುಡಿಪುಡಿ. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಮೊದಲು ಸವೆಯುವುದು ಅಲ್ಯೂಮಿನಿಯಂ. ಫ್ಲೋರಿಡಾದ ಟ್ಯಾಂಪಾದಲ್ಲಿರುವ ನನ್ನ ಮನೆ ಹತ್ತಿರದ ಕೆರೆಗೆಂದು 80 ಡಾಲರಿಗೆ ಕೊಂಡ ರೀಲು ಅದು. ಡಬ್ಬಿಯ ಮೇಲೆ ‘ಸಮುದ್ರಕ್ಕೂ ಸೈ’ ಅಂತ ಬರೆದಿತ್ತು, ನಾನು ನಂಬಿದ್ದೆ.

ನಾನು ಕುಂದಾಪುರದ ಕಡೆಯವನು. ಗಂಗೊಳ್ಳಿ ಅಳಿವೆಯಲ್ಲಿ ದೊಡ್ಡಪ್ಪ ಗಾಳ ಹಾಕುವಾಗ ರೀಲೂ ಇರಲಿಲ್ಲ, ಕೋಲೂ ಇರಲಿಲ್ಲ. ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಬ್ರೇಕಿಗೆ ತೋರುಬೆರಳು. ನಾನು ಗಾಬರಿಯಲ್ಲಿ ಎಳೆಯಹೋದರೆ “ಓಡುಕ್ ಬಿಡ್ ಮಾರಾಯ, ಆಮೇಲ್ ಎಳಿಲಕ್ಕ್” ಎನ್ನುತ್ತಿದ್ದರು. ಸಮುದ್ರದ ಫ್ಲೈ ರೀಲಿನ ಡ್ರ್ಯಾಗ್ ಮಾಡಬೇಕಾದ ಕೆಲಸವೂ ಆ ಬೆರಳಿನದೇ. ಹೊಳೆಯ ಟ್ರೌಟ್ ಮೀನು ಹಿಡಿಯುವವರಿಗೆ ರೀಲು ದಾರ ಇಡುವ ಡಬ್ಬಿಯಾದರೆ ಸಾಕು. ಇಲ್ಲಿ ಅದು ಬ್ರೇಕು.

ಹೊಸದು ಕೊಳ್ಳಲು ಹೋದಾಗ ಅಂಗಡಿಯವರು ಹೇಳಿದ್ದೆಲ್ಲ ಗರಿಷ್ಠ ಡ್ರ್ಯಾಗ್ ಲೆಕ್ಕ: ಇದು ಇಪ್ಪತ್ತು ಪೌಂಡು, ಅದು ಮೂವತ್ತು. ಬೋನ್‌ಫಿಶ್‌ಗೆ ಹನ್ನೆರಡು ಪೌಂಡಿನ ಟಿಪ್ಪೆಟ್ ಕಟ್ಟುವವನು ಡ್ರ್ಯಾಗ್ ಇಡುವುದು ಅದರ ಕಾಲು ಭಾಗಕ್ಕೆ, ಅಂದರೆ ಮೂರು ಪೌಂಡಿಗೆ. ಉಳಿದ ಹದಿನೇಳು ನನಗೇಕೆ? ನೂರು ಪೌಂಡಿನ ಟಾರ್ಪನ್ ಮೀನಿನ ಹಿಂದೆ ಹೋಗುವವರ ಕಥೆ ಬೇರೆ. ನನಗೆ ಬೇಕಾದದ್ದು, ನಿಂತ ಚಕ್ರ ತಿರುಗಲು ಶುರುಮಾಡುವ ಆ ಕ್ಷಣದಲ್ಲಿ ತಡವರಿಸದಿರುವುದು. ದಾರ ತುಂಡಾಗುವುದು ಅಲ್ಲೇ.

ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿತ್ತು, ಮುಳ್ಳಿನದು. ಅದನ್ನೇ ಒಯ್ದೆ. ದಾರದ ತುದಿಯನ್ನು ಕೊಕ್ಕೆಗೆ ಕಟ್ಟಿ, ಎಳೆಯುತ್ತಿರುವಾಗ ಮುಳ್ಳು ಮೂರರಲ್ಲಿ ನಿಲ್ಲುವಂತೆ ಡ್ರ್ಯಾಗ್ ತಿರುಗಿಸಿದೆ. ಒಮ್ಮೆ ನಿಲ್ಲಿಸಿ ಮತ್ತೆ ಎಳೆದಾಗ ಒಂದು ರೀಲಿನಲ್ಲಿ ಮುಳ್ಳು ಐದರವರೆಗೆ ಜಿಗಿದು ಆಮೇಲೆ ಮೂರಕ್ಕೆ ಬಿತ್ತು. ಇನ್ನೊಂದರಲ್ಲಿ ಮೂರೂವರೆ ದಾಟಲಿಲ್ಲ. ಐದಕ್ಕೆ ಜಿಗಿದದ್ದೇ ದುಬಾರಿಯದು! ಅಂಗಡಿಯವನಿಗೆ ನನ್ನ ತಕ್ಕಡಿ ಹಿಡಿಸಲಿಲ್ಲ, ಆದರೆ ಬೇಡವೆನ್ನಲಿಲ್ಲ.

ಆಮೇಲೆ ನೋಡಿದ್ದು ದಾರ ಸುತ್ತಿಕೊಳ್ಳುವ ಒಳಗಿನ ತಿರುಳು, ಆರ್ಬರ್. ಅದು ದಪ್ಪ ಇರಬೇಕು. ಬ್ರೇಕಿನ ಬಿಗಿ ಹಾಗೇ ಇದ್ದರೂ ದಾರ ಖಾಲಿಯಾಗುತ್ತ ಸುರುಳಿ ಸಣ್ಣದಾದಂತೆ ಮೀನಿಗೆ ಎಳೆತ ಹೆಚ್ಚುತ್ತದೆ. ಎಂಟು ಸೆಂಟಿಮೀಟರ್ ಅಗಲದ ಸುರುಳಿ ನಾಲ್ಕಕ್ಕೆ ಇಳಿದರೆ ಮೂರು ಪೌಂಡು ಆರಾಯಿತು. ಅದರ ಮೇಲೆ ನೀರಿನಲ್ಲಿ ಎಳೆದಾಡುವ ದಾರದ ಭಾರ ಬೇರೆ. ತಿರುಳು ದಪ್ಪವಿದ್ದರೆ ಈ ಏರುಪೇರು ಕಡಿಮೆ. ಮೀನು ತಿರುಗಿ ನಮ್ಮ ಕಡೆಗೇ ನುಗ್ಗಿದಾಗಲೂ ಲಾಭ: ಹತ್ತು ಸೆಂಟಿಮೀಟರ್ ಸುರುಳಿ ಒಂದು ಸುತ್ತಿಗೆ ಮೂವತ್ತೊಂದು ಸೆಂಟಿಮೀಟರ್ ದಾರ ನುಂಗುತ್ತದೆ, ಐದರದ್ದು ಅದರ ಅರ್ಧ.

ಕಾರ್ಕಿನ ಬಿಲ್ಲೆ ಒತ್ತಿ ತಡೆಯುವ ಕಾರ್ಕ್ ಡ್ರ್ಯಾಗೋ, ಎಲ್ಲವನ್ನೂ ಒಳಗೇ ಮುಚ್ಚಿಟ್ಟ ಸೀಲ್ಡ್ ಡ್ರ್ಯಾಗೋ ಎಂಬ ಜಗಳ ಇಲ್ಲಿ ಮುಗಿಯುವಂಥದ್ದಲ್ಲ. ಫ್ಲೋರಿಡಾದಲ್ಲೇ ತಯಾರಾಗುವ ಟಿಬರ್ ರೀಲುಗಳ ಕಾರ್ಕ್ ಡ್ರ್ಯಾಗ್ ಬೆಣ್ಣೆಯ ಹಾಗೆ ಜಾರುತ್ತದೆ. ಗೆಳೆಯನದ್ದನ್ನು ಹಿಡಿದು ನೋಡಿ ಆಸೆಯಾಗಿತ್ತು. ಆದರೆ ಕಾರ್ಕಿಗೆ ಆಗಾಗ ಜಿಡ್ಡು ಹಚ್ಚಬೇಕು, ದಿನದ ಕೊನೆಗೆ ಬಿಗಿ ಸಡಿಲಿಸಿಡಬೇಕು, ಇಲ್ಲದಿದ್ದರೆ ಅದುಮಿಕೊಂಡು ಚಪ್ಪಟೆಯಾಗುತ್ತದೆ. ನನ್ನ ಸೋಮಾರಿತನ ನನಗೆ ಗೊತ್ತು. ಉಪ್ಪು, ಮರಳು ಒಳಗೆ ಹೋಗದ ಸೀಲ್ಡ್ ರೀಲನ್ನೇ, ಗಟ್ಟಿ ಅಲ್ಯೂಮಿನಿಯಂ ಸರಳಿನಿಂದ (ಬಾರ್‌ಸ್ಟಾಕ್) ಕೊರೆದು ಮೇಲ್ಮೈ ಸವೆಯದಂತೆ ಅನೊಡೈಸ್ ಮಾಡಿದ್ದನ್ನು, ಸೆಕೆಂಡ್‌ಹ್ಯಾಂಡಿನಲ್ಲಿ 310 ಡಾಲರಿಗೆ ಕೊಂಡೆ. ಎಂಟು ವೆಯ್ಟ್ (ತೂಕದ ದರ್ಜೆ) ಫ್ಲೈ ದಾರದ ಹಿಂದೆ ಇಪ್ಪತ್ತು ಪೌಂಡಿನ ಡ್ಯಾಕ್ರಾನ್ ಬ್ಯಾಕಿಂಗ್, ಅಂದರೆ ಮೀಸಲು ದಾರ, 200 ಗಜ. ತೆಳು ಜೆಲ್‌ಸ್ಪನ್ ದಾರವಾದರೆ ಇನ್ನೂ ಹೆಚ್ಚು ಗಜ ತುಂಬಬಹುದು, ಆದರೆ ಬೆರಳು ಕೊಯ್ಯುತ್ತದೆ.

ಟ್ಯಾಂಪಾ ಕೊಲ್ಲಿಯ ರೆಡ್‌ಫಿಶ್‌ಗಷ್ಟೇ ಆದರೆ ಇದೆಲ್ಲ ಅತಿಯಾಯಿತು. ಅದು ಬೋನ್‌ಫಿಶ್‌ನಷ್ಟು ದೂರ ಓಡುವ ಮೀನಲ್ಲ. ಸಾಧಾರಣ ರೀಲು ಕೊಂಡು, ಉಳಿದ ದುಡ್ಡಿಗೆ ಒಳ್ಳೆಯ ದಾರ ತಗೊಳ್ಳಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ರೀಲಿಗೂ ಅದೇ. ಸೀಲ್ಡ್ ಆದರೂ ಪ್ರತಿ ಸಲ ಸಿಹಿನೀರು ಕುಡಿಸುತ್ತೇನೆ. ಪೈಪಿನ ರಭಸದ ನೀರಲ್ಲ, ಅದು ಉಪ್ಪನ್ನು ಸಂದಿಗೆ ತಳ್ಳುತ್ತದೆ, ಚೊಂಬಿನಿಂದ ಮೆಲ್ಲಗೆ. ದಾರ ಸುತ್ತಿದ ಸ್ಪೂಲ್ ಬೇರೆ ತೆಗೆದು ಒಣಗಿಸಿದ ಮೇಲೆ ಡ್ರ್ಯಾಗ್ ಸಡಿಲ.

ಮರುವರ್ಷ ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಹೋದೆ. ಎರಡನೇ ದಿನ ಒಂದು ಕಚ್ಚಿತು. ಫ್ಲೈ ಲೈನ್ ಪೂರ್ತಿ ಹೋಗಿ ಹಳದಿ ಬ್ಯಾಕಿಂಗ್ ಕಾಣಿಸಿತು, ಗಂಟು ಕೋಲಿನ ಉಂಗುರಗಳನ್ನು ದಾಟುವಾಗ ಟಿಕ್ ಟಿಕ್ ಎಂದಿತು. ಅಭ್ಯಾಸಬಲದಿಂದ ನನ್ನ ಬೆರಳು ಬ್ರೇಕು ಹಾಕಲು ಹೋಯಿತು. ತಿರುಗುತ್ತಿದ್ದ ಹಿಡಿ ಗೆಣ್ಣಿಗೆ ಸರಿಯಾಗಿ ಬಡಿಯಿತು. ಮೀನು ಬಂತು, ಬಿಟ್ಟೆ. 2013ರಿಂದ ಫ್ಲೋರಿಡಾದಲ್ಲಿ ಬೋನ್‌ಫಿಶ್ ಇಟ್ಟುಕೊಳ್ಳುವಂತಿಲ್ಲ. ಗೆಣ್ಣಿನ ಬಾವು ಇಳಿಯಲು ನಾಲ್ಕು ದಿನ ಹಿಡಿಯಿತು.