ಹಂಚಿಕೊಂಡ ಫಾರ್ಮ್ಯಾಟರ್ ಮತ್ತು ತಪ್ಪು ತಾರೀಖು: ಜಾವಾ ಕೋಡ್ ಸರಿಪಡಿಸುವ ಬಗೆ

ಜಾವಾದ ಹಳೆಯ ಕೋಡ್‌ನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪು ತಾರೀಖು ಬರುತ್ತಿದ್ದರೆ, ‘ಸ್ಟ್ಯಾಟಿಕ್ ಫೈನಲ್ ಸಿಂಪಲ್‌ಡೇಟ್‌ಫಾರ್ಮ್ಯಾಟ್’ ಎಂಬ ಸಾಲು ಎಲ್ಲಿದೆಯೆಂದು ಮೊದಲು ಹುಡುಕಿ. ತಾರೀಖನ್ನು ಪಠ್ಯವಾಗಿಸುವ, ಪಠ್ಯದಿಂದ ತಾರೀಖು ಓದುವ ಫಾರ್ಮ್ಯಾಟರ್ ಒಂದನ್ನೇ ಎಲ್ಲರೂ ಹಂಚಿಕೊಳ್ಳುವಂತೆ ಆ ಸಾಲು ಮಾಡುತ್ತದೆ. ‘ಫೈನಲ್’ ಎಂಬುದನ್ನು ನಂಬಿ ಕೂರಬಾರದು. ಆ ಹೆಸರಿಗೆ ಬೇರೆ ಆಬ್ಜೆಕ್ಟ್ ಅಂಟದಂತೆ ಅದು ತಡೆಯುತ್ತದೆಯೇ ಹೊರತು ಆಬ್ಜೆಕ್ಟ್‌ನ ಒಳಗನ್ನು ಕಾಯುವುದಿಲ್ಲ. ಒಳಗಿರುವ ಕ್ಯಾಲೆಂಡರ್ ಒಂದು ಸ್ಲೇಟಿನಂತೆ: ಪಠ್ಯವಾಗಿಸುವ ‘ಫಾರ್ಮ್ಯಾಟ್’ ಮೆಥಡ್ ತನಗೆ ಕೊಟ್ಟ ದಿನಾಂಕವನ್ನು ಅದರ ಮೇಲೆ ಬರೆದು, ಬಳಿಕ ವರ್ಷ, ತಿಂಗಳು, ದಿನಗಳನ್ನು ಅದರಿಂದಲೇ ಓದುತ್ತದೆ, ಪಠ್ಯ ಓದುವ ‘ಪಾರ್ಸ್’ ಅದನ್ನೇ ಅಳಿಸಿ ತುಂಬುತ್ತದೆ. ಒಂದು ಥ್ರೆಡ್ (ಪ್ರೋಗ್ರಾಂನಲ್ಲಿ ಇತರ ಕೆಲಸಗಳ ಜೊತೆಜೊತೆಗೇ ಓಡುವ ಎಳೆ) ಬರೆದು ಓದುವಷ್ಟರಲ್ಲಿ ಇನ್ನೊಂದು ಬಂದು ಬರೆದರೆ, ಮೊದಲನೆಯದಕ್ಕೆ ಎರಡನೆಯದರ ತಾರೀಖು ದಕ್ಕುತ್ತದೆ. ‘ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್’ ಎಂಬ ದೋಷ ಕಣ್ಣೆದುರೇ ಬಂದರೆ ಅದೃಷ್ಟವೆನ್ನಿ. ಸದ್ದಿಲ್ಲದೆ ಡೇಟಾಬೇಸ್ ಸೇರುವ ತಪ್ಪು ತಾರೀಖೇ ಹೆಚ್ಚು ಅಪಾಯಕಾರಿ.

ಥ್ರೆಡ್ ಒಂದೇ ಇದ್ದರೂ ಈ ಕಾಟ ತಪ್ಪದು. ಯಾವುದೋ ವರದಿಗಾಗಿ ಒಂದು ಮೆಥಡ್ ಹಂಚಿಕೊಂಡ ಫಾರ್ಮ್ಯಾಟರ್‌ನ ‘ಸೆಟ್‌ಟೈಮ್‌ಝೋನ್’ ಕರೆದು ಯುಟಿಸಿಗೆ (ವಿಶ್ವ ಪ್ರಮಾಣ ಸಮಯಕ್ಕೆ) ಬದಲಿಸಿ ಹಾಗೆಯೇ ಬಿಟ್ಟರೆ, ಮುಂದೆ ಭಾರತೀಯ ಸಮಯ ಆಗಸ್ಟ್ 15ರ ನಸುಕಿನ 2 ಗಂಟೆಯ ಆರ್ಡರ್ 14ರ ರಾತ್ರಿ 8.30 ಎಂದು ಅಚ್ಚಾಗುತ್ತದೆ. ಐದೂವರೆ ಗಂಟೆಯ ವ್ಯತ್ಯಾಸ ಕಂಡಲ್ಲಿ ಈ ಕರೆಯನ್ನೂ ಹುಡುಕಿ.

‘ಸಿಂಕ್ರೊನೈಸ್ಡ್’ ಬೀಗ ಹಾಕಿದರೆ ಥ್ರೆಡ್‌ಗಳು ಸಾಲುಗಟ್ಟುತ್ತವೆ, ಆದರೆ ಬದಲಾದ ಝೋನ್ ಹಾಗೆಯೇ ಉಳಿಯುತ್ತದೆ. ಪ್ರತಿ ಥ್ರೆಡ್‌ಗೂ ಅದರದೇ ಫಾರ್ಮ್ಯಾಟರ್ ಕೊಡುವ ‘ಥ್ರೆಡ್‌ಲೋಕಲ್’ ಕೂಡ, ಸಿದ್ಧ ಥ್ರೆಡ್‌ಗಳ ಗುಂಪಾದ ಥ್ರೆಡ್ ಪೂಲ್‌ನಲ್ಲಿ ಅದೇ ಥ್ರೆಡ್ ಮರುಬಳಕೆಯಾಗುವುದರಿಂದ, ಅರ್ಧ ಮದ್ದು ಮಾತ್ರ. ಜಾವಾ 8ಕ್ಕಿಂತ ಹಿಂದೆ ಸಿಕ್ಕಿಕೊಂಡವರು ಪ್ರತಿ ಕರೆಗೂ ಹೊಸ ಆಬ್ಜೆಕ್ಟ್ ಸೃಷ್ಟಿಸುವುದೇ ಲೇಸು.

ಉಳಿದವರು 2014ರಲ್ಲಿ ಜಾವಾ 8ರೊಂದಿಗೆ ಬಂದ ‘ಡೇಟ್‌ಟೈಮ್‌ಫಾರ್ಮ್ಯಾಟರ್’ಗೆ ಬದಲಾಗಬೇಕು, ಒಮ್ಮೆ ಕಟ್ಟಿದ ಮೇಲೆ ಅದು ಬದಲಾಗದು, ಎಷ್ಟು ಥ್ರೆಡ್‌ಗಳಾದರೂ ಹಂಚಿಕೊಳ್ಳಬಹುದು. ಅದರ ‘ವಿತ್‌ಝೋನ್’ ಇದ್ದುದನ್ನು ತಿದ್ದದೆ ಹೊಸತೊಂದನ್ನು ಹಿಂತಿರುಗಿಸುವುದರಿಂದ, ಆ ಫಲಿತಾಂಶವನ್ನು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಕರೆ ವ್ಯರ್ಥ. ಬದಲಾಯಿಸುವಾಗ ಇನ್ನೊಂದು ಕಡೆ ಎಡವುವವರು ಬಹಳ: 31-02-2023 ಎಂಬ ತಾರೀಖನ್ನು ಹಳೆಯದು ಮಾರ್ಚ್ 3 ಎಂದೂ ಹೊಸದು ಫೆಬ್ರವರಿ 28 ಎಂದೂ ಓದುತ್ತದೆ. ಇಂಥದ್ದನ್ನು ತಿರಸ್ಕರಿಸಬೇಕಿದ್ದರೆ, ತಾರೀಖನ್ನು ಎಷ್ಟು ಕಟ್ಟುನಿಟ್ಟಾಗಿ ಓದಬೇಕೆಂದು ಹೇಳುವ ‘ರಿಸಾಲ್ವರ್‌ಸ್ಟೈಲ್’ ಅನ್ನು ‘ಸ್ಟ್ರಿಕ್ಟ್’ಗೆ ಇಟ್ಟು, ಪ್ಯಾಟರ್ನ್‌ನಲ್ಲಿ ವರ್ಷಕ್ಕೆ ‘ವೈ’ ಬದಲು ‘ಯು’ ಅಕ್ಷರ ಬಳಸಿ.

ಪರೀಕ್ಷೆಯನ್ನು ಹಳೆಯ ಕೋಡ್ ಇರುವಾಗಲೇ ಬರೆಯಿರಿ: 8 ಥ್ರೆಡ್‌ಗಳ ಪೂಲ್‌ನಲ್ಲಿ 1000 ಬೇರೆ ಬೇರೆ ತಾರೀಖುಗಳನ್ನು ಪಠ್ಯವಾಗಿಸಿ, ಮರಳಿ ಓದಿ, ಮೂಲದೊಂದಿಗೆ ಹೋಲಿಸಿ. ಮೊದಲ ಸಲವೇ ಕೆಂಪು (ಪರೀಕ್ಷೆ ಸೋತ ಗುರುತು) ಕಾಣದಿದ್ದರೆ ಸಂಖ್ಯೆ ಹೆಚ್ಚಿಸಿ ಮತ್ತೆ ಓಡಿಸಿ.