ಮನೆಯಲ್ಲಿ ಮಾಡಿದ ಟ್ರೆಮೊಲೊ ಪೆಡಲ್‌ನ ‘ಟಿಕ್ ಟಿಕ್’ ಸದ್ದನ್ನು ಅಡಗಿಸುವ ಬಗೆ

ಗಿಟಾರ್ ನುಡಿಸದೆ ಸುಮ್ಮನಿದ್ದಾಗಲೂ ಟ್ರೆಮೊಲೊ (ದನಿಯನ್ನು ಅಲೆಯಂತೆ ಏರಿಳಿಸುವ) ಅಥವಾ ಫೇಸರ್ (ದನಿಯ ಬಣ್ಣವನ್ನು ಅಲೆಯಂತೆ ಬದಲಿಸುವ) ಪೆಡಲ್‌ನಿಂದ ಗಡಿಯಾರದಂಥ ಸದ್ದು ಕೇಳಿಬರುತ್ತಿದ್ದು, ಸ್ಪೀಡ್ ನಾಬ್ ತಿರುಗಿಸಿದಂತೆ ಅದರ ವೇಗವೂ ಬದಲಾಗುತ್ತಿದ್ದರೆ, ಅದು ಪೆಡಲ್‌ನೊಳಗಿನ ಎಲ್‌ಎಫ್‌ಓ, ಅಂದರೆ ಆ ಏರಿಳಿತಕ್ಕೆ ತಾಳ ಕೊಡುವ ನಿಧಾನಗತಿಯ ಆಸಿಲೇಟರ್‌ನದೇ ಸದ್ದು. ಈ ಆಸಿಲೇಟರ್ ಸಾಮಾನ್ಯವಾಗಿ ಎರಡು ಆಪ್-ಆಂಪ್‌ಗಳಿಂದ (ಚಿಪ್ಪಿನೊಳಗಿನ ವರ್ಧಕಗಳಿಂದ) ಆಗಿರುತ್ತದೆ. ಒಂದು ನಿಧಾನವಾಗಿ ಏರಿಳಿಯುವ ತ್ರಿಕೋನ ಅಲೆಯನ್ನೂ ಇನ್ನೊಂದು ಚೌಕ ಅಲೆಯನ್ನೂ ಕೊಡುತ್ತದೆ. ತ್ರಿಕೋನ ಅಲೆ ಸೆಕೆಂಡಿಗೆ ಕೆಲವೇ ಸುತ್ತು ಸುತ್ತುವುದರಿಂದ ಕಿವಿಗೆ ಕೇಳಿಸುವುದಿಲ್ಲ. ಆದರೆ ಟಿಎಲ್ 072ರಂಥ ಚುರುಕಾದ ಚಿಪ್ಪಿನಲ್ಲಿ ಚೌಕ ಅಲೆ ಒಂದು ಮೈಕ್ರೋಸೆಕೆಂಡಿನ ಆಸುಪಾಸಿನಲ್ಲೇ ಹೊರಳುವುದರಿಂದ, ಆ ಕ್ಷಣ ಕರೆಂಟ್ ಏಕಾಏಕಿ ಬದಲಾಗಿ, ಗಿಟಾರ್‌ನ ಸಿಗ್ನಲ್ ನೆಚ್ಚಿಕೊಂಡಿರುವ ಸಪ್ಲೈ, ಗ್ರೌಂಡ್ ಮತ್ತು 4.5 ವೋಲ್ಟ್‌ನ ಬಯಾಸ್ (ಸಪ್ಲೈಯ ಅರ್ಧದಷ್ಟಿರುವ ಆಧಾರ ವೋಲ್ಟೇಜ್) ಮೂರನ್ನೂ ಅಲುಗಿಸುತ್ತದೆ. ಆದ್ದರಿಂದ ಔಟ್‌ಪುಟ್‌ಗೆ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಟಿಕ್ ಉಳಿದು ಗಿಟಾರ್‌ನ ಟ್ರೆಬಲ್ ಮಾತ್ರ ಹೋಗುತ್ತದೆ.

ಬೆಸುಗೆ ಹಾಕುವ ಮೊದಲು ಸದ್ದಿನ ದಾರಿಯನ್ನು ಪತ್ತೆಮಾಡಬೇಕು. ಎಲ್‌ಎಫ್‌ಓ ಚಿಪ್ಪಿನ ಪಾಸಿಟಿವ್ ಪಿನ್ನನ್ನು ಸಪ್ಲೈಯಿಂದ ಬಿಡಿಸಿ, ಅದಕ್ಕೆ ಇನ್ನೊಂದು 9 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕೊಟ್ಟು, ನೆಗೆಟಿವ್ ತಂತಿಯನ್ನು ಅದೇ ಚಿಪ್ಪಿನ ಗ್ರೌಂಡಿಗೆ ಸೇರಿಸಿ. ಟಿಕ್ ನಿಂತರೆ ಅದು ಸಪ್ಲೈ ಮೂಲಕ ಬರುತ್ತಿತ್ತೆಂದು ಅರ್ಥ. ನಿಲ್ಲದಿದ್ದರೆ ಬಯಾಸ್, ಗ್ರೌಂಡ್ ಅಥವಾ ತಂತಿಗಳ ಕಡೆಗೆ ಗಮನ ಕೊಡಬೇಕು. ಒಂದೇ ಚಿಪ್ಪಿನ ಅರ್ಧದಲ್ಲಿ ಎಲ್‌ಎಫ್‌ಓ, ಇನ್ನರ್ಧದಲ್ಲಿ ಗಿಟಾರ್ ಸಿಗ್ನಲ್ ಇಟ್ಟಿದ್ದರೆ, ಬೇರೆ ಚಿಪ್ಪು ಹಾಕದೆ ಮುಂದೆ ಹೋಗುವುದೇ ವ್ಯರ್ಥ.

ಸಪ್ಲೈಯೇ ಕಾರಣವಾಗಿದ್ದರೆ, ಎಲ್‌ಎಫ್‌ಓಗೆ ಹೋಗುವ ಪಾಸಿಟಿವ್ ದಾರಿಯಲ್ಲಿ 100 ಓಮ್‌ನ ರೆಸಿಸ್ಟರ್ ಹಾಕಿ, ಚಿಪ್ಪಿನ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು ಗ್ರೌಂಡಿಗೆ ಸೇರಿಸಬೇಕು. ಸುಮಾರು 16 ಹರ್ಟ್ಸ್‌ಗಿಂತ ಮೇಲಿನ ಗದ್ದಲವನ್ನು ಈ ಜೋಡಿ ತಡೆಯುತ್ತದೆ. ಹಲವರು ಎಡವುವುದು ಇಲ್ಲೇ: ಈ ಕೆಪಾಸಿಟರ್‌ನ ನೆಗೆಟಿವ್ ಕಾಲನ್ನು ಹತ್ತಿರ ಸಿಕ್ಕಿದ ಗ್ರೌಂಡಿಗೆ ಅಂಟಿಸಿದರೆ, ತಡೆಯಬೇಕೆಂದಿದ್ದ ಕರೆಂಟನ್ನು ಗಿಟಾರ್ ಸಿಗ್ನಲ್‌ನ ಗ್ರೌಂಡಿಗೇ ಸುರಿದಂತಾಗುತ್ತದೆ. ಎಲ್‌ಎಫ್‌ಓಗೆ ಸಂಬಂಧಿಸಿದ ಎಲ್ಲ ಗ್ರೌಂಡ್‌ಗಳೂ ಒಂದೇ ತಂತಿಯಲ್ಲಿ ಪವರ್ ಜ್ಯಾಕ್‌ವರೆಗೆ ಬಂದು, ಗಿಟಾರ್ ಭಾಗದ ಗ್ರೌಂಡನ್ನು ಅಲ್ಲಿ ಮಾತ್ರ ಕೂಡಬೇಕು. ಬಯಾಸ್‌ಗೂ ಇದೇ ನಿಯಮ: ಎರಡು 10 ಕಿಲೋಓಮ್ ರೆಸಿಸ್ಟರ್ ಮತ್ತು 47 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್‌ನಿಂದ ಎಲ್‌ಎಫ್‌ಓಗೆ ಪ್ರತ್ಯೇಕ ಬಯಾಸ್ ಮಾಡಿಕೊಳ್ಳಬಹುದು.

ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರೆ ಅತಿ ಸುಲಭದ ಉಪಾಯವೆಂದರೆ ಟಿಎಲ್ 072 ತೆಗೆದು ಟಿಎಲ್ 062 ಹಾಕುವುದು. ಪಿನ್‌ಗಳು ಅವೇ, ಆದರೆ ಪ್ರತಿ ಆಪ್-ಆಂಪ್‌ಗೆ 1.4 ಮಿಲಿಆಂಪಿಯರ್ ಬದಲು ಸುಮಾರು 0.2 ಮಿಲಿಆಂಪಿಯರ್ ಮಾತ್ರ ಎಳೆಯುತ್ತದೆ, ಹೊರಳುವ ವೇಗವೂ ಕಡಿಮೆ. ಎಲ್‌ಇಡಿಯನ್ನು ನೇರವಾಗಿ ಉರಿಸುವಷ್ಟು ಕಸು ಅದಕ್ಕಿಲ್ಲವಾದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರ್ ಬೇಕಾಗಬಹುದು. ವೇಗ ತೋರಿಸಲು ಮಿನುಗುವ ಎಲ್‌ಇಡಿಯೂ ದೊಡ್ಡ ಅಪರಾಧಿಯೇ. 1 ಕಿಲೋಓಮ್ ರೆಸಿಸ್ಟರ್ ಇದ್ದರೆ ಅದು ಪ್ರತಿ ಮಿನುಗಿಗೂ ಆರು ಮಿಲಿಆಂಪಿಯರ್‌ನಷ್ಟು ಎಳೆಯುತ್ತದೆ. ಹೆಚ್ಚು ಬೆಳಕಿನ ಎಲ್‌ಇಡಿ ಹಾಕಿ ರೆಸಿಸ್ಟರನ್ನು 10 ಕಿಲೋಓಮ್‌ಗೆ ಏರಿಸಿದರೆ ಕಣ್ಣಿಗೂ ಸಾಕು, ಕಿವಿಗೂ ಹಿತ. ಎಲ್‌ಡಿಆರ್‌ಗೆ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್‌ಗೆ) ಬೆಳಕು ಕೊಡುವ ಒಳಗಿನ ಎಲ್‌ಇಡಿಯನ್ನು ಮಾತ್ರ ಮುಟ್ಟಬಾರದು. ಟ್ರೆಮೊಲೊದ ಆಳವೇ ಬದಲಾಗುತ್ತದೆ.

ಇಷ್ಟಾದ ಮೇಲೂ ಸದ್ದು ಉಳಿದರೆ ಸ್ಪೀಡ್ ಪಾಟ್‌ನ (ಸ್ಪೀಡ್ ನಾಬ್ ತಿರುಗಿಸುವ ರೆಸಿಸ್ಟರ್‌ನ) ತಂತಿಗಳನ್ನು ನೋಡಬೇಕು. ಹೆಚ್ಚಿನ ಸರ್ಕ್ಯೂಟ್‌ಗಳಲ್ಲಿ ಅದರ ಒಂದು ಕಾಲಿನಲ್ಲಿ ಇರುವುದು ಇದೇ ಚೌಕ ಅಲೆ. ಗಿಟಾರ್ ಇನ್‌ಪುಟ್‌ನ ತಂತಿ ಅದರ ಪಕ್ಕದಲ್ಲಿ ಹಾದರೆ, ಅಲ್ಲಿನ ಇಂಪೀಡೆನ್ಸ್ ಮೆಗಾಓಮ್ ಮಟ್ಟದ್ದಾದ್ದರಿಂದ, ಮುಟ್ಟದೆಯೇ ಟಿಕ್ ದಾಟಿಬರುತ್ತದೆ. ಇನ್‌ಪುಟ್‌ಗೆ ಶೀಲ್ಡ್ ತಂತಿ ಬಳಸಿ, ಪಾಟ್‌ನ ತಂತಿಗಳನ್ನು ಚಿಕ್ಕದಾಗಿ ಕತ್ತರಿಸಿ, ಡಬ್ಬಿಯ ಇನ್ನೊಂದು ಬದಿಯಿಂದ ಒಯ್ಯಬೇಕು. ಕೊನೆಯ ಪರೀಕ್ಷೆಯನ್ನು ಮುಚ್ಚಳ ಹಾಕಿ, ಪೆಡಲ್‌ನ ನಂತರ ಡಿಸ್ಟಾರ್ಷನ್ ಒಂದನ್ನು ಜೋಡಿಸಿ ಮಾಡುವುದು ಒಳ್ಳೆಯದು. ಅಲ್ಲಿಯೂ ಟಿಕ್ ಸದ್ದು ಹಿಸ್‌ನ ಕೆಳಗೇ ಉಳಿದರೆ ಸ್ಕ್ರೂ ಬಿಗಿಯಬಹುದು.