ಶರತ್ಕಾಲದ ಪುಷ್ಪ ಪ್ರದರ್ಶನಕ್ಕೆ ಸಿದ್ಧರಾಗುವುದು ಹೇಗೆ?

ಪುಣೆಯವರಿಗೆ ಪುಷ್ಪ ಪ್ರದರ್ಶನವೆಂದೊಡನೆ ನೆನಪಾಗುವುದು ಜನವರಿ ಕೊನೆಯ ವಾರದಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ದೊಡ್ಡ ಪ್ರದರ್ಶನ. ಅದಕ್ಕೆ ಚಳಿಗಾಲದ ಹವೆಯ ಬೆಂಬಲವಿರುತ್ತದೆ. ಗಾರ್ಡನ್ ಕ್ಲಬ್ ತನ್ನ ಪ್ರದರ್ಶನವನ್ನು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಇಟ್ಟುಕೊಂಡಾಗ ಪರಿಸ್ಥಿತಿ ಬೇರೆ: ಮಳೆಗಾಲದ ತೇವದಿಂದ ಬೇರು ಬಳಲಿದ ಗಿಡಗಳ ಮೇಲೆ ಅಕ್ಟೋಬರ್ ಬಿಸಿಲು ಒಮ್ಮೆಲೇ ಬೀಳುತ್ತದೆ. ಹಾಗಾಗಿ ಪ್ರದರ್ಶನದ ತಾರೀಖಿನಿಂದ ಹಿಂದಕ್ಕೆ ಎಣಿಸಿ ಕೆಲಸ ಹಂಚಿಕೊಳ್ಳಬೇಕು. ಬಹುಮಾನ ಬರುವುದೂ ತಪ್ಪುವುದೂ ಬಹುಪಾಲು ಹೂವು ಮೇಜಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ನಿಯಮಾವಳಿಯನ್ನು ತರಿಸಿಕೊಂಡು ಪೂರ್ತಿ ಓದಿ. ಸಾಮಾನ್ಯವಾಗಿ ಅದರಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಬೆಳೆದ ಹೂ ಮತ್ತು ಕುಂಡದ ಗಿಡಗಳ ವಿಭಾಗ. ಇನ್ನೊಂದು, ಪುಷ್ಪ ವಿನ್ಯಾಸದ ಸ್ಪರ್ಧೆ. ಮೊದಲನೆಯದಕ್ಕೆ ಸ್ವತಃ ಬೆಳೆದುದನ್ನೇ ತರಬೇಕು. ಎರಡನೆಯದಕ್ಕೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಿಂದ ಕೊಂಡ ಹೂವನ್ನೂ ಸಾಮಾನ್ಯವಾಗಿ ಒಪ್ಪುತ್ತಾರೆ. ‘ಮೂರು ದಂಟು’ ಎಂದು ಬರೆದಿರುವಲ್ಲಿ ನಾಲ್ಕು ಇಟ್ಟರೆ ಹೂವು ಎಷ್ಟೇ ಚೆನ್ನಾಗಿದ್ದರೂ ಸ್ಪರ್ಧೆಯಿಂದ ಹೊರಗೆ ಹೋಗುತ್ತದೆ. ಅಳತೆಯ ಮಿತಿ, ವಿಷಯದ ಶೀರ್ಷಿಕೆ, ಒಣಗಿದ ಸಾಮಗ್ರಿಗೆ ಅನುಮತಿ ಇದೆಯೇ ಎಂಬುದು, ಇವುಗಳಿಗೆ ಅಡಿಗೆರೆ ಹಾಕಿಟ್ಟುಕೊಳ್ಳಿ.

ಈ ಋತುವಿನ ರಾಣಿ ಸೇವಂತಿಗೆ. ಇಲ್ಲಿನ ಮರಾಠಿ ನೆರೆಯವರ ಶೇವಂತಿ. ಜೂನ್ ಕೊನೆ ಅಥವಾ ಜುಲೈನಲ್ಲಿ ಬೇರು ಬಿಟ್ಟ ಕಡ್ಡಿಗಳನ್ನು ಕುಂಡಕ್ಕೆ ನೆಟ್ಟು, ಗಿಡ ಗೇಣುದ್ದ ಬೆಳೆದಾಗ ತುದಿ ಚಿವುಟಬೇಕು. ಮೂರು ನಾಲ್ಕು ವಾರಗಳ ನಂತರ ಇನ್ನೊಮ್ಮೆ ಚಿವುಟಿದರೆ ಕವಲು ತುಂಬಿಕೊಳ್ಳುತ್ತದೆ. ಆಗಸ್ಟ್ ಮುಗಿದ ಮೇಲೆ ಚಿವುಟುವುದು ಬೇಡ. ಸೇವಂತಿಗೆಯು ಹಗಲು ಕಿರಿದಾಗುತ್ತಾ ರಾತ್ರಿ ದೀರ್ಘವಾಗುವಾಗ ಮೊಗ್ಗು ಕಟ್ಟುವ ಗಿಡ. ಆದ್ದರಿಂದ ಟೆರೇಸಿನ ಬಲ್ಬಾಗಲಿ ಬೀದಿದೀಪವಾಗಲಿ ರಾತ್ರಿಯಿಡೀ ಅದರ ಮೇಲೆ ಬೀಳುತ್ತಿದ್ದರೆ ಮೊಗ್ಗು ತಡವಾಗುತ್ತದೆ, ಕೆಲವೊಮ್ಮೆ ಬಾರದೆಯೂ ಉಳಿಯುತ್ತದೆ. ಫ್ಲ್ಯಾಟುಗಳಲ್ಲಿ ಬೆಳೆಯುವವರು ಗೊಬ್ಬರದ ಬಗ್ಗೆ ಎಷ್ಟು ವಿಚಾರಿಸುತ್ತಾರೋ ಅಷ್ಟನ್ನು ಈ ಕತ್ತಲೆಯ ಬಗ್ಗೆ ವಿಚಾರಿಸುವುದಿಲ್ಲ. ಕುಂಡವನ್ನು ಬೆಳಕು ಬೀಳದ ಮೂಲೆಗೆ ಸರಿಸಿದರೆ ಸಾಕು. ದಂಟಿಗೊಂದೇ ದೊಡ್ಡ ಹೂ ಬೇಕಿದ್ದರೆ ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರವಾಗುವ ಹೊತ್ತಿಗೆ ತೆಗೆಯಬೇಕು. ಗೊಂಚಲಾಗಿ ಬಿಡುವ ಜಾತಿಯಲ್ಲಿ ಇದು ತಿರುಗುಮುರುಗು: ನಡುವಿನ ಮೊಗ್ಗನ್ನು ತೆಗೆದರೆ ಉಳಿದವು ಒಟ್ಟಿಗೆ ಅರಳುತ್ತವೆ.

ಚೆಂಡುಹೂವಿಗೆ ಇಷ್ಟು ಮುಂದಾಲೋಚನೆ ಬೇಡ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ ಸಿಗುತ್ತದೆ, ಎತ್ತರದ ಜಾತಿಗಳಿಗೆ ಇನ್ನೂ ಸ್ವಲ್ಪ ದಿನ ಬೇಕು. ಗುಲಾಬಿಯನ್ನು ಸ್ಪರ್ಧೆಗೆ ಇಡುವವರು ಅರ್ಧದಿಂದ ಮುಕ್ಕಾಲು ಪಾಲು ಅರಳಿದ ಹೂವನ್ನು ಆರಿಸಬೇಕು. ಪೂರ್ತಿ ಅರಳಿದ್ದು ತೀರ್ಪಿನ ಹೊತ್ತಿಗೆ ನಡುಭಾಗವನ್ನು ತೆರೆದುಬಿಡುತ್ತದೆ.

ಇನ್ನು ಕೊಯ್ಲು ಮತ್ತು ನೀರುಣಿಸುವಿಕೆ. ಬೆಳಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ತಂಪಾದ ಮೇಲೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಪಕ್ಕದಲ್ಲೇ ಇಟ್ಟುಕೊಂಡ ಬಕೆಟ್ಟಿನ ನೀರಿಗೆ ತಕ್ಷಣ ಇಳಿಸಬೇಕು. ಕತ್ತರಿಸಿದ ದಂಟು ಗಾಳಿಯನ್ನು ಎಳೆದುಕೊಂಡರೆ ಆ ಗುಳ್ಳೆ ನೀರಿನ ದಾರಿಯನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿಯೇ ಮನೆಗೆ ತಂದ ಮೇಲೆ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಮತ್ತೊಮ್ಮೆ ಕತ್ತರಿಸುವುದು. ನೀರಿಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತು ತೆಗೆಯಿರಿ. ಚೆಂಡುಹೂವಿನ ಎಲೆ ನೀರನ್ನು ಬೇಗ ಕೊಳೆಸುತ್ತದೆ. ಬಕೆಟ್ಟನ್ನು ಇಡೀ ರಾತ್ರಿ ಕತ್ತಲೆಯ, ತಂಪಾದ ಕೋಣೆಯಲ್ಲಿಡಿ. ಜರ್ಬೆರಾದ ದಂಟು ಟೊಳ್ಳಾಗಿದ್ದು ಬೇಗ ಲೋಳೆಯಾಗುವುದರಿಂದ ಅದಕ್ಕೆ ನಾಲ್ಕು ಬೆರಳು ನೀರು ಸಾಕು. ಹಣ್ಣಾಗುತ್ತಿರುವ ಬಾಳೆ, ಮಾವುಗಳ ಬಳಿ ಹೂವನ್ನು ಇಡಲೇಬೇಡಿ, ಅವು ಬಿಡುವ ಎಥಿಲೀನ್ ಅನಿಲ ಹೂವನ್ನು ಬೇಗ ಮುಪ್ಪಾಗಿಸುತ್ತದೆ.

ವಿನ್ಯಾಸದ ಸ್ಪರ್ಧೆಯಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಮಲ್ಲಿಗೆ, ಕನಕಾಂಬರಗಳನ್ನು ಸಂದಿಲ್ಲದಂತೆ ಒತ್ತಾಗಿ ಕಟ್ಟಿ ಬೆಳೆದ ಕೈ ಹೂದಾನಿಯನ್ನೂ ಹಾಗೆಯೇ ತುಂಬಿಸುತ್ತದೆ. ಮಾಲೆಗೆ ಒತ್ತು ಸೊಗಸು, ವಿನ್ಯಾಸಕ್ಕೆ ಬಿಡುವು ಸೊಗಸು. ಖಾಲಿ ಜಾಗವೂ ರಚನೆಯ ಭಾಗವೆಂದೇ ತೀರ್ಪುಗಾರರು ಎಣಿಸುತ್ತಾರೆ. ಜಪಾನಿನ ಪುಷ್ಪ ವಿನ್ಯಾಸ ಕಲೆಯಾದ ಇಕೆಬಾನಾದ ಸೊಗೆತ್ಸು ಪಂಥದ ಲೆಕ್ಕ ಹೊಸಬರಿಗೆ ಒಳ್ಳೆಯ ಆಧಾರ: ಪಾತ್ರೆಯ ಅಗಲ ಮತ್ತು ಎತ್ತರವನ್ನು ಕೂಡಿಸಿ ಅದರ ಒಂದೂವರೆ ಪಟ್ಟು ಮುಖ್ಯ ದಂಟು, ಅದರ ಮುಕ್ಕಾಲು ಎರಡನೆಯದು, ಎರಡನೆಯದರ ಮುಕ್ಕಾಲು ಮೂರನೆಯದು. ನೇರ ಶೈಲಿಯಲ್ಲಿ ಇವು ಲಂಬದಿಂದ ಕ್ರಮವಾಗಿ 15, 45, 75 ಡಿಗ್ರಿ ಬಾಗಿರುತ್ತವೆ. ಈ ಮೂರು ನೆಲೆಗೊಂಡ ಮೇಲೆ ಮಾತ್ರ ಉಳಿದ ಹೂವನ್ನು ಸೇರಿಸಿ, ಅದನ್ನೂ ಕೈ ಬಿಗಿಹಿಡಿದು.

ದಂಟು ನಿಲ್ಲಿಸಲು ಹಸಿರು ಫೋಮ್ ಎಲ್ಲೆಡೆ ಸಿಗುತ್ತದೆ, ಆದರೆ ಅದು ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಸೀಸದ ಬಿಲ್ಲೆಯ ಮೇಲೆ ಹಿತ್ತಾಳೆ ಮುಳ್ಳುಗಳಿರುವ ಕೆಂಜಾನ್ ಕೊಂಡರೆ ವರ್ಷಾನುಗಟ್ಟಲೆ ಬಾಳುತ್ತದೆ. ನಿಯಮ ಒಪ್ಪಿದರೆ ಬಾಳೆದಿಂಡಿನ ತುಂಡೂ ಆಗಬಹುದು. ಮಂಟಪ ಕಟ್ಟುವಾಗ ನಮ್ಮ ಹಿರಿಯರು ಹೂ ಚುಚ್ಚುತ್ತಿದ್ದುದು ಆ ದಿಂಡಿಗೇ, ಅದರ ತೇವ ಹೂವನ್ನು ದಿನವಿಡೀ ಕಾಯುತ್ತದೆ. ಒಣ ತಾವರೆಕಾಯಿ, ಮನೆಯಂಗಳದ ಕ್ರೋಟನ್ ಎಲೆ, ತೆಂಗಿನ ಗರಿ ಧಾರಾಳವಾಗಿ ಬಳಸಿ. ಆದರೆ 2012ರಲ್ಲಿ ಪಶ್ಚಿಮ ಘಟ್ಟಗಳ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಸಾತಾರಾ ಬಳಿಯ ಕಾಡುಹೂಗಳ ಬಯಲಾದ ಕಾಸ್ ಪಠಾರದಂಥ ಜಾಗಗಳಿಂದ ಒಂದು ಎಸಳನ್ನೂ ತರಬೇಡಿ.

ಪ್ರದರ್ಶನದ ದಿನ ಹೂವನ್ನು ನೀರಿನ ಬಕೆಟ್ಟಿನಲ್ಲೇ ಸಾಗಿಸಿ, ದಂಟುಗಳ ನಡುವೆ ಹಳೆಯ ಪತ್ರಿಕೆ ತುರುಕಿ. ಪ್ರತಿ ಬಗೆಯಲ್ಲೂ ಎರಡು ಮೂರು ಹೆಚ್ಚುವರಿ ದಂಟು ಇರಲಿ. ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಎಣ್ಣೆ ಹಚ್ಚಿ ಹೊಳಪು ತರುವುದು ಬೇಡ. ಚೀಟಿಯಲ್ಲಿ ಗಿಡದ ಹೆಸರಿನ ಜೊತೆ ತಳಿಯ ಹೆಸರನ್ನೂ ಸ್ಪಷ್ಟವಾಗಿ ಬರೆಯಿರಿ.

ತೀರ್ಪಿನ ನಂತರ ಬಹುಮಾನ ಬಂದವರ ರಚನೆಗಳನ್ನು ಹತ್ತಿರದಿಂದ ನೋಡಿ, ತೀರ್ಪುಗಾರರು ಟಿಪ್ಪಣಿ ಬರೆದಿದ್ದರೆ ಓದಿಕೊಳ್ಳಿ. ಸೇವಂತಿಗೆಯ ಹೂ ಮುಗಿದ ಗಿಡಗಳನ್ನು ಎಸೆಯದೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ; ಬುಡದಲ್ಲಿ ಒಡೆಯುವ ಮರಿಗಳನ್ನು ಬೇರುಸಹಿತ ಬೇರ್ಪಡಿಸಿ ನೆಟ್ಟು ಬೇಸಿಗೆಯಲ್ಲಿ ನೆರಳಿನಲ್ಲಿ ಕಾಪಾಡಿದರೆ, ಮುಂದಿನ ಜೂನ್‌ನಲ್ಲಿ ಕಡ್ಡಿ ತೆಗೆಯಲು ತಾಯಿಗಿಡಗಳು ಮನೆಯಲ್ಲೇ ಇರುತ್ತವೆ.